ನುಂಗದ ಮಾತ್ರೆಗೆ ಹಾಕಿದ ರೈಟು

ಅಥವಾ ಅದು ಬುಧವಾರ ಅಲ್ಲದೆಯೂ ಇದ್ದಿರಬಹುದು. ಈ ಕಥೆಯನ್ನು ಹೇಳುವಾಗಲೆಲ್ಲ ನಾನು ಬುಧವಾರದಿಂದಲೇ ಶುರು ಮಾಡಿದ್ದೇನೆ. ಹೆಂಡತಿಗೆ ಹೇಳುವಾಗ, ಪ್ರಾರ್ಥನೆಯಲ್ಲಿ, ಬೈಕಿನ ಮೇಲೆ ಒಬ್ಬನೇ ಹೋಗುವಾಗ, ಎಲ್ಲ ಸಲವೂ ಬುಧವಾರವೇ. ಬರೆಯಲು ಕುಳಿತ ಮೇಲೆ ಅನುಮಾನ ಬಂದಿದೆ. ಬೇರೆಯವರಿಗಾದರೆ ದಾಖಲೆ ತೆಗೆದು ನೋಡುವ ಅನುಕೂಲ ಇರುತ್ತದೆ. ನನಗೆ ಅದೂ ಇಲ್ಲ. ದಾಖಲೆಯೇನೋ ಇತ್ತು, ಸಣ್ಣಮ್ಮನ ಚಿಕಿತ್ಸಾ ಕಾರ್ಡು. ಅದರಲ್ಲಿ ಆ ವಾರದ ಸೋಮವಾರ, ಬುಧವಾರ, ಶುಕ್ರವಾರ ಮೂರೂ ಮನೆಗಳಲ್ಲಿ ನೀಲಿ ಪೆನ್ನಿನ ರೈಟು ಇತ್ತು. ಮೂರೂ ನಾನು ಹಾಕಿದವು. ಅವುಗಳಲ್ಲಿ ಒಂದು ಸುಳ್ಳು. ನೋಡಿದರೆ ಮೂರೂ ಒಂದೇ ತರಹ ಇದ್ದವು.

ನಾನು ಕ್ಷಯರೋಗ ವಿಭಾಗದಲ್ಲಿ ಹಳ್ಳಿ ಸುತ್ತುವ ಕೆಲಸ ಮಾಡಿದವನು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳನ್ನು ಬಿಟ್ಟು ಹೊರಗೆ ಕೆಲಸ ಮಾಡಿಲ್ಲ. ಯಾವ ಕಚೇರಿ, ಯಾವ ಆಸ್ಪತ್ರೆ ಎಂದು ಬರೆಯುವುದಿಲ್ಲ. ತಪ್ಪು ನನ್ನದು, ಕಟ್ಟಡಗಳದ್ದಲ್ಲ. ಹೋದ ತಿಂಗಳು ಇದೇ ಕೆಲಸಕ್ಕೆ ಹೊಸದಾಗಿ ಸೇರಿದ ಇಬ್ಬರು ಹೆಣ್ಣುಮಕ್ಕಳು ಮನೆಗೆ ಬಂದಿದ್ದರು.

"ಸರ್, ನಿಮ್ಮ ಅನುಭವ ಬರೆದುಕೊಡಿ."

"ಏನಂತ ಬರೀಲಮ್ಮ?"

"ಕೆಲಸ ನಿಜವಾಗ್ಲೂ ಹೆಂಗಿರುತ್ತೆ ಅಂತ. ಟ್ರೈನಿಂಗಲ್ಲಿ ಹೇಳಿದ್ದು ಬಿಟ್ಟು."

ಟ್ರೈನಿಂಗಿನಲ್ಲಿ ಹೇಳದ ಒಂದೇ ಒಂದು ವಿಷಯ ನನ್ನ ಬಳಿ ಇದೆ. ನಾನು ಕ್ರೈಸ್ತ. ಒಂದೇ ತಪ್ಪನ್ನು ಮತ್ತೆ ಮತ್ತೆ ಮಾಡಿ, ಪ್ರತಿ ಸಲವೂ ಅತ್ತು, ಪ್ರತಿ ಸಲವೂ ಮತ್ತೆ ಮಾಡಿದವನನ್ನು ದೇವರು ಕ್ಷಮಿಸುತ್ತಲೇ ಇರುತ್ತಾನೆಯೇ, ಅಥವಾ ಎಲ್ಲೋ ಒಂದು ಕಡೆ ಅವನಿಗೂ ಸಾಕಾಗುತ್ತದೆಯೇ? ಈ ಪ್ರಶ್ನೆಯನ್ನು ನಾನು ಸುಮಾರು ವರ್ಷ ಬೈಕಿನ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ತಿರುಗಿದೆ. ನನ್ನ ಕೆಲಸದ ನಿಜವಾದ ಅನುಭವ ಅದು. ಉಳಿದದ್ದೆಲ್ಲ ಕಿಲೋಮೀಟರು.

ಆಗಿನ ಪದ್ಧತಿಯನ್ನು ಮೊದಲು ಹೇಳಿಬಿಡುತ್ತೇನೆ. ಔಷಧಿ ದಿನಾ ಅಲ್ಲ, ವಾರಕ್ಕೆ ಮೂರು ದಿನ. ರೋಗಿ ನಮ್ಮ ಕಣ್ಣೆದುರೇ ನುಂಗಬೇಕು. ನುಂಗಿದ್ದನ್ನು ನೋಡಿದರೆ ಕಾರ್ಡಿನಲ್ಲಿ ರೈಟು, ತಪ್ಪಿದರೆ ಸೊನ್ನೆ. ಪ್ರತಿ ರೋಗಿಗೂ ಒಂದೊಂದು ರಟ್ಟಿನ ಪೆಟ್ಟಿಗೆ. ಹೊಸಬರದ್ದು ಕೆಂಪು, ಒಮ್ಮೆ ಬಿಟ್ಟುಹೋಗಿ ಮರಳಿ ಬಂದವರದ್ದು ನೀಲಿ. ಚಿಕಿತ್ಸೆ ಶುರುವಾಗುವ ದಿನವೇ ಪೆಟ್ಟಿಗೆಯ ಮೇಲೆ ಅವರ ಹೆಸರು ಬರೆಯುತ್ತಿದ್ದೆವು. ಅದರೊಳಗೆ ಮೊದಲ ದಿನದಿಂದ ಕಡೆಯ ದಿನದವರೆಗಿನ ಅಷ್ಟೂ ಮಾತ್ರೆ ಇರುತ್ತಿತ್ತು. ಒಬ್ಬರ ಪೆಟ್ಟಿಗೆಯಿಂದ ಇನ್ನೊಬ್ಬರಿಗೆ ಒಂದು ಮಾತ್ರೆಯನ್ನೂ ತೆಗೆದುಕೊಡುವಂತಿರಲಿಲ್ಲ.

ಆ ಪೆಟ್ಟಿಗೆಗಳನ್ನು ನೆನಪಿಟ್ಟುಕೊಳ್ಳಿ. ಮುಂದೆ ಬರುತ್ತವೆ.

ನಗುವಂಥದ್ದೂ ಇತ್ತು. ಪಾವಗಡದ ಗಡಿಯ ಊರೊಂದರಲ್ಲಿ ಕೆಮ್ಮುತ್ತಿದ್ದ ಒಬ್ಬನಿಗೆ ಕಫದ ಡಬ್ಬಿ ಕೊಟ್ಟು ಬಂದೆ. ಮೂರನೇ ದಿನ ಡಬ್ಬಿಯನ್ನು ಅಂಚಿನವರೆಗೂ ತುಂಬಿಸಿ ತಂದ.

"ಇಷ್ಟೊಂದು ಯಾಕಪ್ಪಾ? ಒಂದು ಚಮಚ ಸಾಕಿತ್ತಲ್ಲ."

"ತಕ್ಕುವ ಅಂಟಾರೇಮೋ ಅನಿ ಸಾರ್," ಎಂದ ತೆಲುಗಿನಲ್ಲಿ. ಕಮ್ಮಿಯಾಯಿತು ಅಂತ ನಾನು ಬೈದೇನೆಂದು ಭಯ. "ಇಂಟ್ಲೋ ಅಂದರಮೂ ವೇಸಿನಾಮು. ನಮ್ಮತ್ತೇದೂ ಐತೆ ಸಾರ್ ಇದ್ರಾಗೆ."

ಮನೆಮಂದಿಯೆಲ್ಲ ಸೇರಿ ತುಂಬಿಸಿದ್ದರು. ಗೊತ್ತಿದ್ದೂ ಪರೀಕ್ಷೆಗೆ ಕಳಿಸಿದೆ, ರೋಗ ಇದೆ ಎಂದು ಬಂತು. ಇನ್ನು ಯಾರದ್ದೆಂದು ಹುಡುಕಬೇಕು. ಒಬ್ಬೊಬ್ಬರಿಗೂ ಬೇರೆ ಬೇರೆ ಡಬ್ಬಿ ಕೊಟ್ಟು ನೋಡಿದರೆ ರೋಗ ಇದ್ದದ್ದು ಅವನಿಗಲ್ಲ, ಒಂದು ದಿನವೂ ಕೆಮ್ಮು ಎಂದು ಹೇಳಿಕೊಳ್ಳದ ಅತ್ತೆಗೆ. ಆಕೆ ಬದುಕಿದ್ದು ಅಳಿಯನಿಗಿದ್ದ ಭಯದಿಂದ. ಈ ಕಥೆ ಹೇಳಿ ಎಷ್ಟೋ ಮೀಟಿಂಗಿನಲ್ಲಿ ನಗಿಸಿದ್ದೇನೆ. ಆದರೆ ಇದು ನನಗೇ ಆದದ್ದೋ, ನನ್ನ ಜೊತೆಗಿದ್ದ ಇನ್ನೊಬ್ಬರಿಗೆ ಆದದ್ದೋ ಈಗ ಪ್ರಮಾಣ ಮಾಡಿ ಹೇಳಲಾರೆ. ಅಳಿಯನ ಮುಖ ಚೆನ್ನಾಗಿ ನೆನಪಿದೆ. ಮುಖ ನೆನಪಿದೆ ಎಂಬುದು ಸಾಕ್ಷಿಯಲ್ಲ ಎಂದು ಈಚೆಗೆ ಅನಿಸತೊಡಗಿದೆ.

ಸಣ್ಣಮ್ಮನ ವಿಷಯಕ್ಕೆ ಬರುತ್ತೇನೆ. ಕಳ್ಳಂಬೆಳ್ಳ ದಾಟಿ, ಟಾರು ರಸ್ತೆ ಬಿಟ್ಟು ನಾಲ್ಕು ಕಿಲೋಮೀಟರು ಒಳಗೆ ಹೋದರೆ ಅವರ ಹಟ್ಟಿ. ಕುರಿ ಸಾಕುವ ಜನ. ಆಗ ಆಕೆಗೆ ಅರವತ್ತರ ಆಸುಪಾಸು. ಮೊದಲ ಸಲ ಕೆಂಪು ಪೆಟ್ಟಿಗೆ ಶುರು ಮಾಡಿ ಎರಡು ತಿಂಗಳಿಗೆ ಕುರಿ ಹಿಂದೆ ಹೊರಟುಹೋದಳು. ಆರು ತಿಂಗಳ ಮೇಲೆ ಸಿಕ್ಕಾಗ ಮೂಳೆಯಾಗಿದ್ದಳು. ನಾನು ರೇಗಿದೆ.

"ಏನಮ್ಮಾ ನೀನು, ಹೇಳದೆ ಕೇಳದೆ ಹೊರಟೋದ್ಯಲ್ಲ!"

"ಕುರಿಗಳು ಏಳಿ ಕೇಳಿ ಒರಡ್ತವಾ ಸಾ? ಮೇವು ಎಲ್ಲೈತೋ ಅಲ್ಲಿಗೋಗೋದು. ಈಗ ಬಂದಿವ್ನಲ್ಲ, ಕೊಡು ನಿನ್ ಮಾತ್ರೆಯ."

ನೀಲಿ ಪೆಟ್ಟಿಗೆಗೆ ಹೆಸರು ಬರೆದೆ. ಈ ಸಲ ಒಂದು ದಿನವೂ ತಪ್ಪಕೂಡದೆಂದು ಹಟ್ಟಿಗೇ ಹೋಗಿ ಕೊಡುವ ಜವಾಬ್ದಾರಿ ನಾನೇ ಹೊತ್ತೆ. ತಪ್ಪಿಸಿದವನೂ ನಾನೇ.

ಆ ಬುಧವಾರ, ಬುಧವಾರವೆಂದೇ ಇಟ್ಟುಕೊಳ್ಳೋಣ, ಬೈಕಿನ ಚೈನು ಕಳ್ಳಂಬೆಳ್ಳದಲ್ಲಿ ತುಂಡಾಯಿತು. ರಿಪೇರಿ ಆಗುವಷ್ಟರಲ್ಲಿ ಸಂಜೆ. ವಾಪಸ್ಸು ಬಂದೆ. ಶುಕ್ರವಾರ ಹೋಗಿ ಶುಕ್ರವಾರದ ಮಾತ್ರೆ ಕೊಟ್ಟೆ. ಕಾರ್ಡಿನಲ್ಲಿ ಬುಧವಾರದ ಮನೆ ಖಾಲಿ ಇತ್ತು. ಸೊನ್ನೆ ಹಾಕಿದರೆ ತಿಂಗಳ ಮೀಟಿಂಗಿನಲ್ಲಿ ಯಾಕೆ ಎಂದು ಕೇಳುತ್ತಾರೆ. ರೈಟು ಹಾಕಿದೆ. ಪೆಟ್ಟಿಗೆಯಲ್ಲಿ ಒಂದು ದಿನದ ಮಾತ್ರೆ ಹೆಚ್ಚಾಗಿ ಉಳಿಯಬಾರದಲ್ಲ, ಆ ಸ್ಟ್ರಿಪ್ಪನ್ನು ತೆಗೆದು ಬೈಕಿನ ಸೈಡ್ ಬಾಕ್ಸಿನೊಳಗೆ ಹಾಕಿದೆ. ಬಿಸಾಡಲು ಮನಸ್ಸು ಬರಲಿಲ್ಲ. ಯಾಕೆಂದು ಗೊತ್ತಿಲ್ಲ.

ಅದಾದ ಮೇಲೆ ಚೈನು ತುಂಡಾಗುವುದು ಬೇಕಾಗಲಿಲ್ಲ. ಬಿಸಿಲು ಸಾಕಿತ್ತು, ತಲೆನೋವು ಸಾಕಿತ್ತು, ಏನೂ ಇಲ್ಲದಿದ್ದರೂ ಸಾಕಿತ್ತು.

ಮಧುಗಿರಿಯಲ್ಲಿ ನಮ್ಮದು ಹನ್ನೊಂದು ಮನೆಗಳ ಪುಟ್ಟ ಸಭೆ. ತಿಂಗಳ ಮೊದಲ ಭಾನುವಾರ ಪ್ರಭುಭೋಜನ. ಎಲ್ಲರೂ ಮೊಣಕಾಲೂರಿ ಪಾಪವನ್ನು ಒಪ್ಪಿಕೊಳ್ಳುತ್ತೇವೆ, ನಮ್ಮ ಪಾದ್ರಿ ಅಯ್ಯನವರು ಪಾಪಕ್ಷಮೆಯ ಮಾತು ಹೇಳುತ್ತಾರೆ, ಆಮೇಲೆ ಮೇಜಿನ ಮುಂದೆ ಹೋಗಿ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳುತ್ತೇವೆ. ಇನ್ನೊಂದು ರೂಢಿ ಇದೆ, ನಮ್ಮ ಸಭೆಯ ಹಿರಿಯರು ಮಾಡಿಟ್ಟದ್ದು. ಹಿಂದಿನ ದಿನ, ಶನಿವಾರ, ಯಾರ ಜೊತೆ ನಮ್ಮ ಮನಸ್ಸು ಸರಿಯಿಲ್ಲವೋ ಅವರ ಮನೆಗೆ ಹೋಗಿ ಒಂದು ಲೋಟ ನೀರು ಕೇಳಬೇಕು. ಬೇರೆ ಮಾತು ಬೇಕಿಲ್ಲ. ನೀರು ಕೇಳಿದರೆ ಅವರಿಗೆ ತಿಳಿಯುತ್ತದೆ. ಕೊಟ್ಟರೆ, ಕುಡಿದರೆ, ಮುಗಿಯಿತು.

ನಾನು ಅಳುತ್ತ ಮೊಣಕಾಲೂರುತ್ತಿದ್ದೆ. ಇನ್ನು ಮಾಡುವುದಿಲ್ಲ ಎನ್ನುತ್ತಿದ್ದೆ. ನಿಜವಾಗಿಯೇ ಎನ್ನುತ್ತಿದ್ದೆ. ಸೋಮವಾರ ಹಟ್ಟಿಗೆ ಹೋಗುತ್ತಿದ್ದೆ. ಬುಧವಾರ ಎಲ್ಲೋ ಟೀ ಅಂಗಡಿಯಲ್ಲಿ ಕುಳಿತು ರೈಟು ಹಾಕುತ್ತಿದ್ದೆ. ಆ ಅಳು ನಾಟಕವಾಗಿದ್ದರೆ ಈ ಕಥೆ ಸುಲಭವಾಗುತ್ತಿತ್ತು. ಅದು ನಾಟಕವಾಗಿರಲಿಲ್ಲ.

ನೀಲಿ ಪೆಟ್ಟಿಗೆ ಖಾಲಿಯಾಯಿತು. ಸಣ್ಣಮ್ಮನ ಕೆಮ್ಮು ನಿಲ್ಲಲಿಲ್ಲ. ಕಫವನ್ನು ಬೆಂಗಳೂರಿಗೆ ಕಳಿಸಿದೆವು. ಆಗ ಫಲಿತಾಂಶ ಬರಲು ತಿಂಗಳುಗಟ್ಟಲೆ ಬೇಕಿತ್ತು. ನೀವು ಈಗ ಮೆಷಿನ್ನಿನಲ್ಲಿ ಹಾಕಿ ಟೀ ಕುಡಿದು ಬರುವಷ್ಟರಲ್ಲಿ ನೋಡುತ್ತೀರಿ. ಬಂದ ಕಾಗದದಲ್ಲಿದ್ದದ್ದು ಇಷ್ಟು: ಮುಖ್ಯವಾದ ಎರಡು ಮಾತ್ರೆಗಳೂ ಈಕೆಯ ರೋಗಕ್ಕೆ ಇನ್ನು ನಾಟುವುದಿಲ್ಲ. ಔಷಧಿಯನ್ನು ಬಿಟ್ಟು ಬಿಟ್ಟು ತೆಗೆದುಕೊಂಡರೆ ಹೀಗಾಗುತ್ತದೆ ಎಂದು ಹಟ್ಟಿ ಹಟ್ಟಿಗೆ ಹೋಗಿ ಭಾಷಣ ಮಾಡುತ್ತಿದ್ದವನು ನಾನು.

ಅದೇ ವಾರ, ಅಥವಾ ನೆನಪು ಎರಡನ್ನೂ ಒಂದೇ ವಾರಕ್ಕೆ ತಂದು ಜೋಡಿಸಿದೆಯೋ, ನನ್ನ ಹೆಂಡತಿ ಸುಗುಣ ಸ್ಪ್ಯಾನರ್ ಹುಡುಕಲು ಸೈಡ್ ಬಾಕ್ಸ್ ತೆಗೆದಳು. ನಾನು ಸ್ನಾನ ಮುಗಿಸಿ ಬಂದಾಗ ಅಡುಗೆಮನೆಯ ನೆಲದ ಮೇಲೆ ಕುಳಿತಿದ್ದಳು. ಮಡಿಲ ತುಂಬ ಮಾತ್ರೆಯ ಸ್ಟ್ರಿಪ್ಪು.

"ಯಾವತ್ತಿಂದ ರೀ ಕೆಮ್ಮು?" ಎಂದಳು.

ನನಗೆ ತಕ್ಷಣ ಅರ್ಥವಾಗಲಿಲ್ಲ.

"ನಂಗ್ಯಾಕೆ ಹೇಳಲಿಲ್ಲ? ಕದ್ದು ಮಾತ್ರೆ ತಗೋಬೇಕಾ? ನಾನು ಬಿಟ್ಟೋಗ್ತೀನಿ ಅಂದ್ಕೊಂಡ್ರಾ?"

ನನಗೇ ಕ್ಷಯ ಬಂದಿದೆ, ಮುಚ್ಚಿಟ್ಟಿದ್ದೇನೆ ಎಂದುಕೊಂಡಿದ್ದಳು. ಹೌದು ಎಂದುಬಿಡೋಣ ಅನ್ನಿಸಿದ್ದು ನಿಜ. ರೋಗಿಯಾದರೆ ಕನಿಕರ ಸಿಗುತ್ತದೆ. ಆಕೆಯ ಕೈ ನನ್ನ ಹಣೆ ಮುಟ್ಟಿ ಜ್ವರ ನೋಡಿತು. ಆ ಕೈಗೆ ಸುಳ್ಳು ಹೇಳಲಾಗಲಿಲ್ಲ. ಎಲ್ಲ ಹೇಳಿದೆ. ಕೇಳಿ ಮುಗಿಸಿ ಸ್ಟ್ರಿಪ್ಪುಗಳನ್ನು ಒಂದೊಂದಾಗಿ ನೆಲದ ಮೇಲೆ ಸಾಲಾಗಿ ಇಟ್ಟಳು.

"ಇದ್ಯಾರದು? ಇದು?"

ಎಲ್ಲವೂ ಯಾರದೆಂದು ನನಗೆ ಗೊತ್ತಿರಲಿಲ್ಲ. ಆಗ ಆಕೆ ಅತ್ತಳು.

ನಮ್ಮ ಮೇಲಧಿಕಾರಿ ನಸೀಮಾ ಮೇಡಂ, ಶಿರಾದವರು, ಡಾಕ್ಟರು. ಕೂಗಾಡುವವರಲ್ಲ. ಮಾರನೆಯ ದಿನ ಹೋಗಿ ಹೇಳಿದೆ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಮೀಟಿಂಗಲ್ಲಿ ಎಲ್ಲಾರ್ಗಿಂತ ಸಾಫ್ ಕಾರ್ಡ್ ನಿಮ್ದು ಪ್ರಭಾಕರ್. ಅದಕ್ಕೇ ನನಗೆ ಶಕ್ ಬರಬೇಕಿತ್ತು. ತಪ್ಪು ನಂದೂ ಇದೆ." ಕನ್ನಡಕ ಮತ್ತೆ ಹಾಕಿಕೊಂಡರು. "ಕಾರ್ಡೆಲ್ಲ ತಗೊಂಡು ಬನ್ನಿ. ಎಲ್ಲೆಲ್ಲಿ ಸುಳ್ಳು ಹಾಕಿದೀರಿ ಅಲ್ಲೆಲ್ಲ ಹೊಡೆದು ಸೊನ್ನೆ ಹಾಕಿ, ಪಕ್ಕದಲ್ಲಿ ಸೈನ್ ಮಾಡಿ."

"ಕೆಲವು ನೆನಪಿಲ್ಲ ಮೇಡಂ."

"ನೆನಪಿಲ್ಲ ಅಂತ ಬರೀರಿ. ನೆನಪಿಲ್ಲದೆ ಇರೋದಕ್ಕೆ ಸೊನ್ನೆ ಹಾಕಿದ್ರೆ ಅದೂ ಸುಳ್ಳೇ."

ಆ ದಿನ ಇಡೀ ಕುಳಿತು ಕಾರ್ಡುಗಳ ಮೇಲೆ ನೆನಪಿಲ್ಲ, ನೆನಪಿಲ್ಲ ಎಂದು ಬರೆದೆ. ಮೆಮೊ ಬಂತು. ಕೆಲಸ ಹೋಗಲಿಲ್ಲ. ಹೋಗಬೇಕಿತ್ತೇನೋ. ಸಣ್ಣಮ್ಮನಿಗೆ ನನ್ನಿಂದಲೇ ಹೀಗಾಯಿತೇ ಎಂದು ಮೇಡಂ ಅವರನ್ನು ಕೇಳಿದೆ. "ಮೊದಲಿಂದಲೇ ಇಂಥಾ ರೋಗ ತಗುಲಿರಬಹುದು. ಕುರಿ ಹಿಂದೆ ಹೋದಾಗ ಆಗಿರಬಹುದು. ನೀವು ತಪ್ಪಿಸಿದ್ದರಿಂದ ಆಗಿರಬಹುದು," ಎಂದರು. "ಹೇಳೋಕಾಗಲ್ಲ. ಈಗ ಆಕೆನ ಉಳಿಸಿ. ಇದನ್ನ ಬೇರೆಯವರಿಗೆ ಕೊಡಲ್ಲ, ನೀವೇ ನೋಡಬೇಕು."

ಹೊಸ ಚಿಕಿತ್ಸೆ ಎರಡು ವರ್ಷದ್ದು. ಮೊದಲ ತಿಂಗಳುಗಳು ಭಾನುವಾರ ಬಿಟ್ಟು ದಿನಾ ಸೂಜಿ. ಉಪಕೇಂದ್ರದ ನರ್ಸಮ್ಮ ಚುಚ್ಚುತ್ತಿದ್ದರು, ನಾನು ಪಕ್ಕದಲ್ಲಿ ಕುಳಿತು ಮಾತ್ರೆ ನುಂಗಿಸುತ್ತಿದ್ದೆ. ಸಣ್ಣಮ್ಮನ ಜೊತೆ ಸೊಸೆ ಈರಮ್ಮ ಬರುತ್ತಿದ್ದಳು.

"ನಿನ್ ಸೂಜಿಗಿಂತ ನಮ್ ಟಗರು ಗುಮ್ಮೋದೇ ವಾಸಿ ಕಣಪ್ಪ," ಎನ್ನುತ್ತಿದ್ದಳು ಸಣ್ಣಮ್ಮ. ಸಾ ಹೋಗಿ ಅಪ್ಪ ಆಗಿತ್ತು. "ಅದು ಒಂದ್ಕಿತ ಗುಮ್ಮಿ ಸುಮ್ಕಾಯ್ತದೆ. ನೀನು ದಿನಾ ಬತ್ತೀಯ."

"ಅತ್ತೆ, ಅಂಗನ್ಬ್ಯಾಡ, ಪಾಪ ಅಷ್ಟು ದೂರದಿಂದ ಬತ್ತದೆ ಆವಣ್ಣ," ಎನ್ನುತ್ತಿದ್ದಳು ಈರಮ್ಮ.

ಆ ಪಾಪ ಎಂಬ ಮಾತು ಕೇಳಿದಾಗಲೆಲ್ಲ ನಾನು ಬೈಕಿನ ಕಡೆ ನೋಡುತ್ತಿದ್ದೆ.

ನಾಲ್ಕನೇ ತಿಂಗಳು ಒಂದು ಬೆಳಿಗ್ಗೆ ಹಟ್ಟಿಗೆ ಹೋದಾಗ ಸಣ್ಣಮ್ಮ ಕುರಿರೊಪ್ಪದ ಬಳಿ ನಿಂತಿದ್ದಳು. "ಗಂಟೆಗಳ ಯಾರೋ ಬಿಚ್ಚವ್ರೆ ಕಣಪ್ಪ. ಮರಿಗಳು ಓಡಾಡ್ತಾವೆ, ಸದ್ದೇ ಇಲ್ಲ," ಎಂದಳು. ನಾನು ನೋಡಿದೆ. ಗಂಟೆಗಳು ಮರಿಗಳ ಕೊರಳಲ್ಲೇ ಇದ್ದವು. ಸಣ್ಣ ಸದ್ದಿನಿಂದ ಬಡಿದುಕೊಳ್ಳುತ್ತಿದ್ದವು. ಆ ಸೂಜಿ ಕೆಲವರ ಕಿವಿಯನ್ನು ತೆಗೆಯುತ್ತದೆ ಎಂದು ನಮಗೆ ಹೇಳಿಕೊಟ್ಟಿದ್ದರು. ಮೇಡಂಗೆ ಹೇಳಿದೆ, ಸೂಜಿ ನಿಲ್ಲಿಸಿದರು. ಹೋದ ಕಿವಿ ಬರಲಿಲ್ಲ. ಇನ್ನೂ ಸ್ವಲ್ಪ ಹೋಯಿತು. ಆಕೆ ಮಾತ್ರ ಉಳಿದಳು. ಎರಡು ವರ್ಷ ಮುಗಿದಾಗ ಎದೆಯಲ್ಲಿ ರೋಗ ಇರಲಿಲ್ಲ.

ಬೆಂಗಳೂರಿನ ಆ ಕಾಗದ ಬಂದ ತಿಂಗಳಿನಿಂದಲೇ ನಾನು ಪ್ರಭುಭೋಜನಕ್ಕೆ ಹೋಗುವುದನ್ನು ಬಿಟ್ಟಿದ್ದೆ. ಆರಾಧನೆಗೆ ಹೋಗುತ್ತಿದ್ದೆ, ಪಾಪವನ್ನು ಒಪ್ಪಿಕೊಳ್ಳುತ್ತಿದ್ದೆ, ಅಯ್ಯನವರು ಕ್ಷಮೆಯ ಮಾತಿಗೆ ಕೈ ಎತ್ತುವ ಹೊತ್ತಿಗೆ ಎದ್ದು ಆಚೆ ಹೋಗಿ ಬೈಕು ಒರೆಸುತ್ತ ನಿಲ್ಲುತ್ತಿದ್ದೆ. ಸುಗುಣ ಇದನ್ನು ಬಹಳ ದಿನ ನೋಡಿದಳು. ಒಂದು ಭಾನುವಾರ ಮನೆಗೆ ನಡೆದು ಬರುವಾಗ ಅಂದಳು:

"ನಿಮ್ಮ ರೋಗಿಗಳ ಬಗ್ಗೆ ಬೈತಿರ್ತೀರಲ್ಲ, ಔಷಧಿ ಕೇಳ್ಕೊಂಡು ಬರ್ತಾರೆ, ಕೊಡೋ ಹೊತ್ತಿಗೆ ಎದ್ದು ಹೋಗಿರ್ತಾರೆ ಅಂತ."

"ಹೂಂ."

"ಹೂಂ ಅಷ್ಟೇ. ಸುಮ್ನೆ ಹೇಳಿದೆ."

ನನಗೆ ಕೋಪ ಬಂತು. ಆಕೆಗೆ ಗೊತ್ತಿಲ್ಲದ್ದು ನನಗೆ ಗೊತ್ತಿತ್ತು. ನಾನು ಮತ್ತೆ ಬೀಳುವವನು ಎಂದು.

ಬಿದ್ದೆ. ಸಣ್ಣಮ್ಮನ ಚಿಕಿತ್ಸೆ ಮುಗಿದು ಒಂದು ಮಳೆಗಾಲವೂ ಕಳೆದಿರಲಿಲ್ಲ. ಕೊರಟಗೆರೆಯಲ್ಲಿ ನರಸಿಂಹಯ್ಯ ಎಂಬ ನಿವೃತ್ತ ಮೇಷ್ಟ್ರು ನನ್ನ ರೋಗಿ. ಬೈಕು ನಿಲ್ಲಿಸುವ ಬಸ್ ಸ್ಟ್ಯಾಂಡಿನಿಂದ ಅವರ ಮನೆಗೆ ಹತ್ತು ನಿಮಿಷ ನಡೆದರೆ ಸಾಕು. ಒಂದು ಶುಕ್ರವಾರ ಆ ಹತ್ತು ನಿಮಿಷ ನಡೆಯದೆ ಬೆಂಚಿನ ಮೇಲೆ ಕುಳಿತು ರೈಟು ಹಾಕಿದೆ. ಚೈನು ಹರಿದಿರಲಿಲ್ಲ. ಬಿಸಿಲೂ ಇರಲಿಲ್ಲ. ಇದಕ್ಕೆ ಕಾರಣ ಹುಡುಕಿ ಹುಡುಕಿ ಸಾಕಾಗಿ ಬಿಟ್ಟಿದ್ದೇನೆ.

ಸೋಮವಾರ ಮೇಷ್ಟ್ರು ಕೇಳಿದರು. "ಶುಕ್ರವಾರ ನೀವು ಬಂದಿದ್ರಾ ಸಾರ್? ನನಗೆ ನೆನಪೇ ಇಲ್ಲ."

"ಬಂದಿದ್ದೆನಲ್ಲ ಮೇಷ್ಟ್ರೇ," ಎಂದೆ.

"ಹೌದಾ? ಹಂಗಾದ್ರೆ ನನ್ನ ತಲೆ ಹೋಯ್ತು ಬಿಡಿ," ಎಂದು ನಕ್ಕರು. ನಗು ಬೇಗ ನಿಂತಿತು. ನಾನು ಎದ್ದು ಬಂದಾಗಲೂ ಅವರು ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತು ಶುಕ್ರವಾರ ತಿಂಡಿ ಏನು ತಿಂದೆ ಎಂದು ಸೊಸೆಯನ್ನು ಕೇಳುತ್ತಿದ್ದರು.

ಕಾರ್ಡಿಗೆ ಸುಳ್ಳು ಹೇಳುವುದು ಅಭ್ಯಾಸವಾಗಿತ್ತು. ಇದು ಬೇರೆ. ಒಬ್ಬ ಮುದುಕರ ತಲೆಯೊಳಗೆ ಕೈ ಹಾಕಿ ಒಂದು ದಿನವನ್ನು ಅದಲುಬದಲು ಮಾಡಿದ್ದೆ. ಬುಧವಾರ ಹೋಗಿ ಮಾತ್ರೆಗಿಂತ ಮೊದಲು ಹೇಳಿದೆ. "ಮೇಷ್ಟ್ರೇ, ಶುಕ್ರವಾರ ನಾನು ಬಂದಿರಲಿಲ್ಲ. ಸುಳ್ಳು ಹೇಳಿದೆ."

ಅವರು ಬೈಯುತ್ತಾರೆ ಎಂದು ತಲೆ ತಗ್ಗಿಸಿದ್ದೆ. ಮೇಷ್ಟ್ರು ತೊಡೆ ತಟ್ಟಿಕೊಂಡು ಒಳಗಿದ್ದ ಸೊಸೆಗೆ ಕೂಗಿದರು. "ಲೇ ಪದ್ಮಾ, ನನ್ ತಲೆ ಸರಿಯಾಗೇ ಐತಂತೆ ಕಣಮ್ಮ! ಬಂದೇ ಇರಲಿಲ್ಲವಂತೆ! ಸಾರ್‌ಗೆ ಕಾಫಿ ತಾ!" ಇಂಥ ಕ್ಷಮೆಯನ್ನು ನಾನು ಮೊದಲೂ ಕಂಡಿಲ್ಲ, ಆಮೇಲೂ ಕಂಡಿಲ್ಲ. ಸೊನ್ನೆ ಹಾಕಿದೆ. ಸೈನ್ ಮಾಡಿದೆ. ಆದರೂ ಬಸ್ ಸ್ಟ್ಯಾಂಡಿಗೆ ಬಂದು ಅದೇ ಬೆಂಚಿನ ಮೇಲೆ ಕುಳಿತಾಗ ಒಂದೇ ಯೋಚನೆ: ಒಂದು ಹೆಣ್ಣಿನ ಕಿವಿ ಹೋದ ಮೇಲೂ ಕಲಿಯದವನು ಇನ್ನು ಯಾವ ಬಾಯಲ್ಲಿ ದೇವರ ಮುಂದೆ ಕ್ಷಮಿಸು ಎನ್ನಲಿ?

ಆಗ ನಮಗಿದ್ದ ಅಯ್ಯನವರು ವಯಸ್ಸಾದವರು. ತುಮಕೂರಿನಿಂದ ಬಸ್ಸಿನಲ್ಲಿ ಬಂದು ಹೋಗುತ್ತಿದ್ದರು. ಆ ವಾರ ಬಸ್ಸಿಗೆ ಹೊತ್ತಿದೆ ಎಂದು ನನ್ನ ಕಚೇರಿಗೆ ಬಂದು ಕುಳಿತರು. ಬಾಗಿಲು ಹಾಕಿ ಹೇಳಿದೆ: "ಅಯ್ನೋರೇ, ಮತ್ತೆ ಮಾಡಿದೆ."

ಅವರು ಗೋಡೆಯ ಕಪಾಟಿನಲ್ಲಿ ಸಾಲಾಗಿದ್ದ ಪೆಟ್ಟಿಗೆಗಳನ್ನು ನೋಡುತ್ತಿದ್ದರು.

"ಹೆಸರು ಬರೆದಿದೀರಿ."

"ಹೂಂ. ಅವರವರದ್ದು ಅವರವರಿಗೆ."

"ಎಷ್ಟು ದಿನದ ಮಾತ್ರೆ ಇದೆ ಇದರಲ್ಲಿ?"

"ಪೂರ್ತಿ. ಕಡೇ ದಿನದ್ದರ ತನಕ."

"ಇನ್ನೂ ಒಂದು ಮಾತ್ರೆ ನುಂಗದೆ ಇರೋರಿಗೂ?"

"ಮೊದಲನೇ ದಿನವೇ ಎತ್ತಿಡ್ತೀವಿ. ಮಧ್ಯದಲ್ಲಿ ಇಲ್ಲ ಅನ್ನೋ ಹಂಗಾಗಬಾರದು ಅಂತ."

"ಬಿಟ್ಟು ಹೋದ್ರೆ?"

"ಹುಡುಕ್ಕೊಂಡು ಹೋಗ್ತೀವಿ."

"ಬೈತೀರಾ?"

"ಬೈತೀನಿ."

"ಬೈದು, ನಿನಗೆ ಇನ್ನು ಮಾತ್ರೆ ಇಲ್ಲ ಹೋಗು ಅಂತ ಯಾರನ್ನಾದ್ರೂ ಕಳಿಸಿದೀರಾ?"

"ಹಂಗೆ ಮಾಡೋ ಹಂಗಿಲ್ಲ ಅಯ್ನೋರೇ."

ಅವರು ಚೀಲ ಎತ್ತಿಕೊಂಡರು. "ಬಸ್ಸು ಬಂತೇನೋ ನೋಡಿ," ಎಂದರು.

ಇಷ್ಟು ಒಪ್ಪವಾಗಿ ನಡೆಯಿತೇ? ನನಗೆ ನಂಬಿಕೆಯಿಲ್ಲ. ಅಯ್ಯನವರು ಎರಡೋ ಮೂರೋ ಪ್ರಶ್ನೆ ಕೇಳಿರಬೇಕು, ಉಳಿದದ್ದನ್ನು ನಾನು ವರ್ಷಗಟ್ಟಲೆ ಬೈಕಿನ ಮೇಲೆ ಸೇರಿಸಿರಬೇಕು. ಹೋಲಿಕೆಯೂ ಪೂರ್ತಿ ಸರಿಯಿಲ್ಲ. ನಮ್ಮ ಪೆಟ್ಟಿಗೆ ಖಾಲಿಯಾಗುತ್ತಿತ್ತು. ಬಿಟ್ಟುಹೋದವರ ಪೆಟ್ಟಿಗೆಯನ್ನು ನಾವು ವಾಪಸ್ಸು ತರುತ್ತಿದ್ದೆವು. ಮಾತ್ರೆಯೇ ಕೆಲವರಿಗೆ ನಾಟುತ್ತಿರಲಿಲ್ಲ. ಆದರೆ ಒಂದು ವಿಷಯ ನಾನು ಸೇರಿಸಿದ್ದಲ್ಲ. ಅವರು ಹೋದ ಮೇಲೆ ಕಪಾಟಿನ ಮುಂದೆ ನಿಂತೆ. ನಾನೇ ಬರೆದ ಹೆಸರುಗಳು. ಇವರಲ್ಲಿ ಯಾರು ಬಿಟ್ಟುಹೋಗುತ್ತಾರೆ ಎಂದು ಮುಖ ನೋಡಿಯೇ ನಾನು ಹೇಳಬಲ್ಲೆ. ಹೇಳಬಲ್ಲವನಾಗಿಯೂ ಅವರ ಪೆಟ್ಟಿಗೆಯಿಂದ ಒಂದು ಮಾತ್ರೆ ಕಮ್ಮಿ ಮಾಡಿ ಇಟ್ಟವನಲ್ಲ. ನಾನು, ಇಂಥವನು, ಇಷ್ಟು ಮಾಡುತ್ತಿದ್ದೆ. ಶಿಲುಬೆಯ ಮೇಲೆ ಯೇಸು ನನ್ನ ಹೆಸರಿಗೆ ಕ್ಷಮೆಯನ್ನು ಎತ್ತಿಟ್ಟದ್ದು ನಾನು ಮೊದಲ ರೈಟು ಹಾಕುವುದಕ್ಕೂ ಮೊದಲು. ಕೊರಟಗೆರೆಯ ಬೆಂಚು ಅವನಿಗೆ ಆಗಲೇ ಗೊತ್ತಿತ್ತು. ಗೊತ್ತಿದ್ದೂ ಪೂರ್ತಿ ಎತ್ತಿಟ್ಟಿದ್ದ. ನಾನು ಮಾತ್ರ ಪ್ರತಿ ಸಲ ಕೊಡುವ ಹೊತ್ತಿಗೆ ಎದ್ದುಹೋಗುತ್ತಿದ್ದೆ.

ಮುಂದಿನ ಶನಿವಾರ ಸಣ್ಣಮ್ಮನ ಹಟ್ಟಿಗೆ ಹೋದೆ. ನೀರು ಕೇಳಬೇಕೆಂದು ಹೋದವನು. ಆದರೆ ಆಕೆಗೆ ನಮ್ಮ ರೂಢಿ ಗೊತ್ತಿಲ್ಲವಲ್ಲ, ಮೊದಲು ಬಾಯಿಬಿಟ್ಟು ಹೇಳಬೇಕು, ಆಮೇಲೆ ನೀರು. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಬೈಕು ನಿಲ್ಲಿಸುವಷ್ಟರಲ್ಲಿ ಆಕೆ ದೊಡ್ಡ ಲೋಟದ ತುಂಬ ಮಜ್ಜಿಗೆ ತಂದು ಕೈಗೆ ಕೊಟ್ಟಳು. "ಕುಡಿ ಮೊದ್ಲು. ಬಿಸಿಲಾಗೆ ಬಂದ್ಬುಟ್ಟಿದೀಯ." ಬಾಯಾರಿತ್ತು. ಕುಡಿದುಬಿಟ್ಟೆ. ಲೋಟ ಕೆಳಗಿಟ್ಟ ಮೇಲೆ ನೆನಪಾಯಿತು, ಇದು ಕ್ರಮ ತಪ್ಪಿತಲ್ಲ ಎಂದು.

"ಸಣ್ಣಮ್ಮಾ, ನಿನ್ನ ಹತ್ರ ಒಂದು ಮಾತು ಹೇಳಬೇಕು."

"ಆಂ?"

"ಒಂದು ಮಾತು!"

"ಜೋರಾಗಿ ಏಳಪ್ಪ, ಕಿವಿ ಓಗೈತೆ!"

ನಾನು ಯೋಚಿಸಿರಲಿಲ್ಲ. ತಗ್ಗಿದ ದನಿಯಲ್ಲಿ ಹೇಳಬೇಕಾದದ್ದನ್ನು ಕೂಗಿ ಹೇಳಬೇಕಿತ್ತು. ಕೂಗಿದೆ. ನಿನ್ನ ಮಾತ್ರೆ ತಪ್ಪಿಸಿದ್ದು ನಾನು. ಬರದೆ ಬಂದೆ ಎಂದು ಬರೆದದ್ದು ನಾನು. ನಿನ್ನ ರೋಗ ಜಾಸ್ತಿಯಾದದ್ದು, ನಿನ್ನ ಕಿವಿ ಹೋದದ್ದು ನನ್ನಿಂದ ಇರಬಹುದು. ರೊಪ್ಪದ ಬಳಿ ಇದ್ದ ಗಂಡಸರು ತಿರುಗಿ ನೋಡಿದರು. ಪಕ್ಕದ ಗುಡಿಸಲಿನಿಂದ ಇಬ್ಬರು ಹೆಂಗಸರು ಆಚೆ ಬಂದು ನಿಂತರು. ಹಟ್ಟಿಯೆಲ್ಲ ಕೇಳಿಸಿಕೊಂಡಿತು. ಸಣ್ಣಮ್ಮ ಒಬ್ಬಳನ್ನು ಬಿಟ್ಟು.

ಆಕೆ ಸೊಸೆಯ ಕಡೆ ತಿರುಗಿದಳು. "ಏನಂತೆ ಇವಂದು? ಯಾಕಳ್ತಾನೆ?"

ಈರಮ್ಮ ನನ್ನನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಅತ್ತೆಯ ಮುಂದೆ ಕುಳಿತು ಕೈಸನ್ನೆ ಮಾಡಿದಳು. ಅವರಿಬ್ಬರ ನಡುವೆ ಅಷ್ಟರಲ್ಲಿ ಅಂಥ ಒಂದು ಭಾಷೆ ಬೆಳೆದಿತ್ತು. ಬಾಯಿ ತೋರಿಸಿದಳು, ನನ್ನ ಬೈಕು ತೋರಿಸಿದಳು, ಕಿವಿ ಮುಟ್ಟಿದಳು, ಎದೆ ಮುಟ್ಟಿದಳು. ಸಣ್ಣಮ್ಮ ಎಲ್ಲ ನೋಡಿದಳು. ನನ್ನ ಕಡೆ ತಿರುಗಿ ಖಾಲಿ ಲೋಟ ಎತ್ತಿಕೊಂಡಳು.

"ಬುಡತ್ತ," ಎಂದಳು. "ಇನ್ನೊಂದೀಟು ಕುಡೀತೀಯಾ?"

ಮಾರನೆಯ ಭಾನುವಾರ ನಾನು ಬೈಕು ಒರೆಸಲು ಹೋಗಲಿಲ್ಲ. ಅಯ್ಯನವರು ಕ್ಷಮೆಯ ಮಾತು ಹೇಳಿದಾಗ ಒಳಗೇ ಇದ್ದೆ. ಮೇಜಿನ ಮುಂದೆ ಕೈ ಚಾಚಿದೆ. ಸುಗುಣ ಪಕ್ಕದಲ್ಲಿದ್ದಳು, ನನ್ನ ಕಡೆ ನೋಡಲಿಲ್ಲ. ಬೇಕೆಂದೇ ನೋಡಲಿಲ್ಲ. ಆ ದಿನದಿಂದ ನಾನು ಬೀಳಲೇ ಇಲ್ಲ ಎಂದು ಬರೆಯಬೇಕೆಂಬ ಆಸೆಯಿದೆ. ನಿವೃತ್ತಿಯೊಳಗೆ ಇನ್ನೆರಡು ಸಲ ಬಿದ್ದೆ. ಎರಡು ಸಲವೂ ಅದೇ ವಾರ ಸೊನ್ನೆ ಹಾಕಿದೆ, ಹೋಗಿ ಹೇಳಿದೆ, ಮೇಜಿನಿಂದ ಎದ್ದುಹೋಗಲಿಲ್ಲ. ಇಷ್ಟೇ ವ್ಯತ್ಯಾಸ. ದೇವರಿಗೆ ಸಾಕಾಗಲಿಲ್ಲ. ಇದನ್ನು ನಾನು ಒಳ್ಳೆಯವನಾದ ಮೇಲೆ ಹೇಳುತ್ತಿಲ್ಲ.

ನಿಮಗೆ ಈಗ ರೈಟು ಹಾಕಲು ಫೋನು ಬಂದಿದೆ, ಮಾತ್ರೆ ದಿನಾ ಆಗಿದೆ, ಪೆಟ್ಟಿಗೆಗಳ ಕಾಲ ಮುಗಿದಿದೆ. ಫೋನಿಗೂ ಸುಳ್ಳು ಹೇಳಬಹುದು, ನೀವೂ ಒಂದು ದಿನ ಹೇಳುತ್ತೀರಿ. ಸೊನ್ನೆಗೆ ಹೆದರಬೇಡಿ. ಹಾಕಿ, ಸೈನ್ ಮಾಡಿ, ಮಾರನೆಯ ದಿನ ಮತ್ತೆ ಅದೇ ಮನೆಗೆ ಹೋಗಿ.

ಸಣ್ಣಮ್ಮ ಹೋದ ವರ್ಷ ತೀರಿಕೊಂಡಳು, ಎದೆಯ ರೋಗದಿಂದ ಅಲ್ಲ, ವಯಸ್ಸಿನಿಂದ. ಮಣ್ಣಿಗೆ ಹೋಗಿದ್ದೆ. ಈರಮ್ಮನನ್ನು ಕೇಳಿದೆ, ಆವತ್ತು ಅತ್ತೆಗೆ ನೀನು ಏನಂತ ಹೇಳಿದೆ ಎಂದು.

"ಯಾವತ್ತಣ್ಣ?" ಎಂದಳು. ನೆನಪಿಸಿದೆ. "ನಂಗೆ ಗ್ಯಾಪ್ಕ ಇಲ್ಲ ಕಣಣ್ಣ. ಏನೋ ಏಳಿರ್ತೀನಿ."

ನಾನು ಮಾಡಿದ್ದೆಲ್ಲವನ್ನೂ ಹೇಳಿದ್ದಳೋ, ಸುಸ್ತಾಗಿದೆ ಪಾಪ ಎಂದಷ್ಟೇ ಹೇಳಿದ್ದಳೋ, ಸಣ್ಣಮ್ಮ ಬುಡತ್ತ ಎಂದದ್ದು ಯಾವುದಕ್ಕೋ, ನನಗೆ ಗೊತ್ತಿಲ್ಲ. ಆಕೆಯ ಕಿವಿ ಹೋದದ್ದು ನನ್ನಿಂದಲೋ ಅಲ್ಲವೋ, ಅದೂ ಗೊತ್ತಿಲ್ಲ. ಮಜ್ಜಿಗೆ ಕೊಟ್ಟದ್ದು ನಾನು ಕೇಳುವುದಕ್ಕೆ ಮೊದಲು. ಅದೊಂದು ಗೊತ್ತಿದೆ.